ಮರಿಯಣ್ಣನವರು ಇನ್ನಿಲ್ಲ

'ಐದು ವರ್ಷಕ್ಕೆ ನಾವು ಎಲ್ಲಿರಬೇಕು?' ಎಂದು ಭವ್ಯಶ್ರೀ ಬಿಳಿ ಬೋರ್ಡಿನ ಮೇಲೆ ಬರೆದು ಎರಡು ದಿನವಾಗಿತ್ತು. ನಟರಾಜು ಕೂರುತ್ತಿದ್ದುದು ಅದರ ಎದುರಿಗೇ. ತಲೆಯೆತ್ತಿದಾಗಲೆಲ್ಲ ಪ್ರಶ್ನೆ ಕಣ್ಣಿಗೆ ಬೀಳುತ್ತಿತ್ತು, ಐದು ವರ್ಷಕ್ಕೆ ತನಗೆ ಐವತ್ತೇಳಾಗುತ್ತದೆ ಎಂಬುದನ್ನು ಬಿಟ್ಟರೆ ಬೇರೆ ಯಾವ ಉತ್ತರವೂ ಹೊಳೆಯುತ್ತಿರಲಿಲ್ಲ. ಹಾಸನದ ಬಿ.ಎಂ. ರಸ್ತೆಯಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ 'ನಾಕೂರು ನ್ಯೂಸ್' ಶುರುವಾಗಿ ಮೂರು ವರ್ಷ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರಿನ ಸುದ್ದಿಯನ್ನು ಜನರ ಮೊಬೈಲಿಗೆ ಮುಟ್ಟಿಸುವ ಕಂಪನಿ. ಇಪ್ಪತ್ತೊಂಬತ್ತು ವರ್ಷದ ಭವ್ಯಶ್ರೀ ಅದರ ಒಡತಿ. ರವೀಶ ಕ್ಯಾಮೆರಾ ಹಿಡಿಯುತ್ತಿದ್ದ, ಎಡಿಟಿಂಗೂ ಅವನದೇ. ನಟರಾಜು ಮಾರ್ಕೆಟಿಂಗ್ ಹೆಡ್ ಎಂದು ವಿಸಿಟಿಂಗ್ ಕಾರ್ಡಿನಲ್ಲಿತ್ತು, ಹುಟ್ಟುಹಬ್ಬದ ಶುಭಾಶಯ, ಸಾವಿನ ಸುದ್ದಿ ಹಾಕುವುದೂ ಅವನ ಕೆಲಸವೇ. ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ಅವನು ಜಿಲ್ಲೆಯ ಒಂದು ದಿನಪತ್ರಿಕೆಗೆ ಜಾಹೀರಾತು ತರುತ್ತಿದ್ದ. ಯಾವ ಮುಖಂಡನ ಹುಟ್ಟುಹಬ್ಬ ಎಂದು ಬರುತ್ತದೆ, ಯಾರ ಅಂಗಡಿಗೆ ಎಷ್ಟು ವರ್ಷ ತುಂಬಿತು, ಯಾರ ಹೆಸರಿನ ಪಕ್ಕ ಯಾರ ಹೆಸರು ಹಾಕಿದರೆ ಜಗಳವಾಗುತ್ತದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು. ಪತ್ರಿಕೆ ನಿಂತ ಮೇಲೆ ಆ ತಿಳಿವಳಿಕೆಯನ್ನು ಹೊತ್ತುಕೊಂಡೇ ಇಲ್ಲಿಗೆ ಬಂದಿದ್ದ. ಈಗ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ದೇವರಾಜ್ ಕಂಪನಿಯಲ್ಲಿ ಪಾಲುದಾರರಾಗಲು ಮನಸ್ಸು ಮಾಡಿದ್ದರು. ಗುರುವಾರ ಬರುತ್ತಾರೆ, ಐದು ವರ್ಷದ ಯೋಜನೆ ನೋಡಬೇಕಂತೆ. 'ಬರ್ತ್‌ಡೇ ವಿಶ್ ತಂದ್ಕೊಂಡು ಎಷ್ಟು ದಿನ ನಡೆಸೋಕಾಗತ್ತೆ ಸರ್? ಲಾಂಗ್ ಟರ್ಮ್ ಸ್ಟ್ರಾಟಜಿ ಬೇಕು,' ಎಂದು ಭವ್ಯಶ್ರೀ ಹೇಳಿದಾಗ ರವೀಶ ಅಲ್ಲೇ ಇದ್ದ. ಅವನು ನಗಲಿಲ್ಲ. ನಗದೆ ಕ್ಯಾಮೆರಾದ ಗಾಜು ಒರೆಸುತ್ತ ಕೂತದ್ದು ನಟರಾಜುವಿಗೆ ಇನ್ನೂ ಹೆಚ್ಚು ಚುಚ್ಚಿತು.

ಏನಾದರೂ ಬರೆಯಲೇಬೇಕಲ್ಲ ಎಂದು ಹಾಳೆಯ ಮೇಲೆ ಮೊದಲು ಬರೆದದ್ದು 'ನಂಬಿಕೆ' ಎಂಬ ಪದ. ಬರೆದು ಅದರ ಕೆಳಗೆ ಗೆರೆ ಎಳೆದ. ಅಲ್ಲಿಗೆ ಕೈ ನಿಂತಿತು. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅರಕಲಗೂಡಿನ ಹತ್ತಿರದ ಹುಣಸೆಕೊಪ್ಪಲಿನಿಂದ ಫೋನು ಬಂದಿತ್ತು. 'ನಮ್ಮಪ್ಪ ಮರಿಯಣ್ಣ ಓಗ್ಬುಟ್ರು ಸಾ, ನಿಮ್ಮಲ್ಲಿ ಹಾಕ್ಬುಡಿ,' ಎಂದು ಒಬ್ಬ ಗಂಡಸು ಅತ್ತ. ಫೋಟೊ ಕಳಿಸಿ ಎನ್ನುವಷ್ಟರಲ್ಲಿ ಫೋನು ಕಡಿಯಿತು. ತಿರುಗಿ ಮಾಡಬಹುದಿತ್ತು. ಅಳುತ್ತಿರುವವನಿಗೆ ಎರಡನೇ ಸಲ ಫೋನು ಮಾಡಿ ಫೋಟೊ ಕೇಳುವುದಕ್ಕೆ ನಟರಾಜುವಿಗೆ ನಾಚಿಕೆಯಾಯಿತು. ಅದು ನಾಚಿಕೆಯೋ ಸೋಮಾರಿತನವೋ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾನೆ, ಗೊತ್ತಾಗಿಲ್ಲ. ಹುಣಸೆಕೊಪ್ಪಲಿನ ಮರಿಯಣ್ಣ ಎಂದರೆ ಅವನಿಗೆ ಗೊತ್ತಿತ್ತು. ಹಾಲಿನ ಡೇರಿಯ ಸಮಾರಂಭದಲ್ಲಿ ಶಾಲು ಹೊದ್ದು ನಿಂತ ಅವರ ಫೋಟೊ ಕಂಪ್ಯೂಟರಿನಲ್ಲೇ ಇತ್ತು. ಸುತ್ತ ಹೂವಿನ ಅಂಚು ಕೂರಿಸಿ, ಕೆಳಗೆ 'ಮರಿಯಣ್ಣನವರು ಇನ್ನಿಲ್ಲ' ಎಂದು ಬರೆದು ಏಳೂವರೆಗೆ ಹಾಕಿದ. ಒಂಬತ್ತೂವರೆಗೆ ಅದೇ ಗಂಡಸಿನ ಫೋನು. ಅಷ್ಟರಲ್ಲಿ ಅವನ ಅಳು ನಿಂತಿತ್ತು. 'ಇದ್ಯಾರ್ ಫೋಟೊ ಹಾಕಿದ್ದೀರಿ ಸಾ? ನಮ್ಮಪ್ಪ ಮೇಗಲ ಬೀದಿ ಮರಿಯಣ್ಣ. ನೀವ್ ಹಾಕಿರೋದು ಕೆರೆ ಬೀದಿ ಮರಿಯಣ್ಣನ್ನ. ಅವ್ರು ಗುಂಡ್‌ಕಲ್ ಇದ್ದಂಗವ್ರೆ.' ನಟರಾಜು ಅದನ್ನು ಅಳಿಸಿ, ಅವನಿಂದ ಸರಿಯಾದ ಫೋಟೊ ತರಿಸಿ ಹಾಕಿದ. ಅಳಿಸುವ ಮುಂಚೆ ಇನ್ನೂರ ಹನ್ನೆರಡು ಜನ ಕೈಮುಗಿದದ್ದು ಕಂಡಿತ್ತು. ಭವ್ಯಶ್ರೀಗೆ ಹೇಳಲಿಲ್ಲ, ಮನೆಯಲ್ಲಿ ಹೆಂಡತಿ ಪ್ರೇಮಕುಮಾರಿಗೂ ಹೇಳಲಿಲ್ಲ. ಕೆರೆ ಬೀದಿಯ ಮರಿಯಣ್ಣ ಇಂದು ಬೈಯುತ್ತಾರೆ, ನಾಳೆ ಬೈಯುತ್ತಾರೆ ಎಂದು ಕಾದ. ಅವರು ಬೈಯಲಿಲ್ಲ. ಬೈದಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು.

ಮಂಗಳವಾರ ಅವನು ಪ್ರಶ್ನೆಯ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ನಾಲ್ಕೂ ಊರಲ್ಲಿ ನೋಡುಗರನ್ನು ಮಾತಾಡಿಸಿ ಬರಬೇಕೆಂದು ಭವ್ಯಶ್ರೀ ಹೇಳಿದ್ದಳು. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಇಳಿದು ಟೈಲರನ್ನು ಕೇಳಿದ, ಟೀ ಅಂಗಡಿಯವನನ್ನು ಕೇಳಿದ, ಔಷಧಿ ಅಂಗಡಿಯ ಮುಂದೆ ನಿಂತಿದ್ದ ಮೇಷ್ಟರೊಬ್ಬರನ್ನು ಕೇಳಿದ: ನಾಕೂರು ನ್ಯೂಸನ್ನು ನೀವು ಯಾಕೆ ನೋಡುತ್ತೀರಿ? ಮೇಷ್ಟರು 'ಸ್ಥಳೀಯ ಸಮಸ್ಯೆಗಳ ಅರಿವಿಗಾಗಿ' ಎಂದು ಬರೆದುಕೊಳ್ಳಲು ಹೇಳಿದರು. ಹೂ ಕಟ್ಟುತ್ತಿದ್ದ ಮಾಯಮ್ಮ ಎಂಬ ಹೆಂಗಸು ದಾರವನ್ನು ಹಲ್ಲಲ್ಲಿ ಕಡಿಯುತ್ತ, 'ಯಾರ್ ಓಗ್ಬುಟ್ರು ಅಂತ ನೋಡಕ್ಕೆ ಕಣಪ್ಪ. ಎಷ್ಟು ಹಾರ ಬೇಕಾಯ್ತದೆ ಅಂತ ಗೊತ್ತಾಗ್ಬೇಕಲ್ಲ,' ಎಂದಳು. ಟೈಲರೂ ಅದನ್ನೇ ಹೇಳಿದ, ಟೀ ಅಂಗಡಿಯವನೂ ಅದನ್ನೇ. ರಸ್ತೆ ಗುಂಡಿ, ಪುರಸಭೆಯ ಸಭೆ, ಹುಟ್ಟುಹಬ್ಬ ಯಾವುದೂ ಯಾರಿಗೂ ನೆನಪಿರಲಿಲ್ಲ. ಬೆಳಿಗ್ಗೆ ಎದ್ದು ಫೋನು ತೆರೆಯುತ್ತಾರೆ, ಹೋದವರ ಮುಖ ನೋಡುತ್ತಾರೆ, ತಮಗೆ ಗೊತ್ತಿದ್ದವರಾದರೆ ಅಂಗಿ ಹಾಕಿಕೊಂಡು ಹೊರಡುತ್ತಾರೆ. ಹಾಗಾದರೆ ಐದು ವರ್ಷದ ಯೋಜನೆ ಇಷ್ಟೇ ಏನು, ಜನ ಸಾಯುತ್ತಿರಬೇಕು, ನಾವು ಹೇಳುತ್ತಿರಬೇಕು? ಇದನ್ನು ದೇವರಾಜ್ ಮುಂದೆ ಯಾವ ಮಾತಿನಲ್ಲಿ ಇಡುವುದು ಎಂದು ಯೋಚಿಸುತ್ತ ಅರಕಲಗೂಡಿನ ಬಸ್ಸು ಹತ್ತಿದ. ಅಲ್ಲಿಳಿದು ಪೇಟೆ ಬೀದಿಗೆ ಹೋಗಬೇಕಾದವನು ಹುಣಸೆಕೊಪ್ಪಲಿನ ಕಡೆಗೆ ಹೊರಟಿದ್ದ ಆಟೋದಲ್ಲಿ, ಇಬ್ಬರು ಹೆಂಗಸರ ಮಧ್ಯೆ, ಮೊಣಕಾಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ. ಯಾವಾಗ ನಿರ್ಧಾರ ಮಾಡಿದೆ ಎಂದು ನೆನಪಿಸಿಕೊಳ್ಳಲು ನೋಡಿದ. ಮಾಡಿರಲೇ ಇಲ್ಲ.

ಕೆರೆ ಬೀದಿಯ ಮರಿಯಣ್ಣ ಜಗಲಿಯ ಮೇಲೆ ಕೂತು ಕುಡುಗೋಲಿಗೆ ಹೊಸ ಹಿಡಿ ಹಾಕುತ್ತಿದ್ದರು. ಫೋಟೊದಲ್ಲಿದ್ದುದಕ್ಕಿಂತ ದೊಡ್ಡ ಆಳು. ನಟರಾಜು ತನ್ನ ಹೆಸರು ಹೇಳಲಿಲ್ಲ. ಹಾಳೆ ತೆಗೆದು, 'ಯಜಮಾನ್ರೆ, ನಾಕೂರು ನ್ಯೂಸ್ ಕಡೆಯಿಂದ ಬಂದಿದೀನಿ. ನೀವು ನಮ್ಮ ನ್ಯೂಸ್ ಯಾಕೆ ನೋಡ್ತೀರಿ?' ಎಂದು ಕೇಳಿದ. ಕೇಳಿದ ಮೇಲೆ ಕಿವಿ ಬಿಸಿಯಾಯಿತು. ಮರಿಯಣ್ಣ ಕುಡುಗೋಲು ಕೆಳಗಿಟ್ಟು ಅವನನ್ನು ನಿಧಾನವಾಗಿ ನೋಡಿದರು. 'ನನ್ನ ಸಾಯಿಸ್ದೋರು ನೀವೇನಾ?' ದನಿಯಲ್ಲಿ ಕೋಪವಿರಲಿಲ್ಲ, ಊರು ಯಾವುದು ಎಂದು ಕೇಳಿದ ಹಾಗಿತ್ತು. ನಟರಾಜು ಹೌದೆಂದು ತಲೆಯಾಡಿಸಿದ. ಒಳಗಿನಿಂದ ಅವರ ಹೆಂಡತಿ ಪುಟ್ಟಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳು ಬಾಗಿಲಲ್ಲೇ ನಿಂತಳು. 'ಇವ್ರೇನಾ? ಗಂಡ ಇದ್ದಂಗೇ ನನ್ ಕುಂಕುಮ ಅಳಿಸ್ದೋರಿಗೆ ನೀರೂ ಕೊಡಾಕಿಲ್ಲ ನಾನು,' ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಲೋಟ ಮಜ್ಜಿಗೆ ತಂದು, ಅವನ ಕೈಗೆ ಕೊಡದೆ, ಜಗಲಿಯ ಮೇಲೆ ಕುಕ್ಕಿ ಹೋದಳು.

'ಕುಡೀರಿ ಸಾ,' ಎಂದರು ಮರಿಯಣ್ಣ. 'ಅವತ್ತು ಚನ್ರಾಯಪಟ್ಣದಿಂದ ಮಗಳು ಸ್ಮಿತಾ ಎರಡು ಬಸ್ ಬದಲಾಯಿಸ್ಕೊಂಡು ಅಳ್ತಾ ಬಂದ್ಳು. ನೆಂಟ್ರು ಹಾರ ತಂದಿದ್ರು. ನಾನು ಹಿತ್ಲಲ್ಲಿ ಎಮ್ಮೆ ತೊಳೀತಿದ್ದೆ. ಎಲ್ರೂ ನಕ್ಕರು, ಕಾಫಿ ಕುಡುದ್ರು, ಓದ್ರು. ಆಯಸ್ಸು ಗಟ್ಟಿ ಆಯ್ತು ಅಂದ್ರು. ಅದೇನ್ ಅಂಥ ಬಾಧೆ ಇಲ್ಲ ಬುಡಿ.' ಮಾತು ನಿಲ್ಲಿಸಿ, ತಮ್ಮ ಮನೆಗೆ ಅಂಟಿಕೊಂಡೇ ಇದ್ದ ಪಕ್ಕದ ಮನೆಯ ಕಡೆಗೆ ಗದ್ದ ತೋರಿಸಿದರು. 'ಅದು ನನ್ನ ತಮ್ಮ ಬಸವೇಶನ ಮನೆ. ಬದುವಿನ ವಿಷ್ಯಕ್ಕೆ ಮಾತು ಬುಟ್ಟು ಅನ್ನೊಂದು ವರ್ಷ. ಗ್ವಾಡೆ ಒಂದೇ. ಅವ್ನು ಕೆಮ್ಮಿದ್ರೂ ಕೇಳ್ತದೆ. ಅವತ್ತು ಟ್ರಾಕ್ಟರ್ ರಿಪೇರಿಗೆ ಅಂತ ಹೊಳೆನರ್ಸೀಪುರಕ್ಕೆ ಓಗಿದ್ನಂತೆ. ಅಲ್ಲಿ ಯಾರೋ ಫೋನಲ್ಲಿ ತೋರ್ಸವ್ರೆ. ಟ್ರಾಕ್ಟರ್ ಅಲ್ಲೇ ಬುಟ್ಟು ಬಂದವ್ನೆ ಸಾ. ಬರಿಗಾಲಲ್ಲಿ. ಈ ಬಾಗಿಲ್ಗೆ ತಲೆ ಚಚ್ಕೊಂಡು, ಅಣ್ಣಾ ನನ್ ಬುಟ್ಟು ಓದ್ಯಾ ಅಂತ ಕಿರುಚ್ದ. ನಾನು ಸದ್ದು ಕೇಳಿ ಹಿತ್ಲಿಂದ ಬಂದೆ. ನಿಂತ್ಕಂಡೆ. ನೋಡ್ದ. ಟವಲ್ಲಲ್ಲಿ ಮಕ ಒರಸ್ಕೊಂಡ. ಒಂದ್ ಮಾತಿಲ್ಲ, ತಿರುಗ್ದ, ಓದ.' ಮರಿಯಣ್ಣ ಕುಡುಗೋಲನ್ನು ಮತ್ತೆ ಕೈಗೆತ್ತಿಕೊಂಡರು. 'ಸತ್ತಿದ್ರೆ ಒಳಿಕ್ಕೆ ಬತ್ತಿದ್ದ. ಬದುಕಿದ್ದೆ ನೋಡಿ, ಅದ್ಕೆ ವಾಪಸ್ ಓದ.' ನಟರಾಜು ಮಜ್ಜಿಗೆ ಕುಡಿದ, ಉಪ್ಪು ಹೆಚ್ಚಾಗಿತ್ತು. ಏನಾದರೂ ಹೇಳಬೇಕು, ತಪ್ಪಾಯಿತು ಎನ್ನಬೇಕು. ಆದರೆ ಆ ಸುಳ್ಳು ಸುದ್ದಿ ಬಾರದಿದ್ದರೆ ಈ ಮನುಷ್ಯನಿಗೆ ತಮ್ಮನ ಅಳು ಕೇಳುತ್ತಲೇ ಇರಲಿಲ್ಲ. ಹಾಗಿದ್ದ ಮೇಲೆ ಯಾವುದಕ್ಕೆ ತಪ್ಪಾಯಿತು ಎನ್ನುವುದು? 'ಒಂದ್ ಕೆಲ್ಸ ಮಾಡಿ,' ಎಂದರು ಮರಿಯಣ್ಣ. 'ನಾನು ಬದುಕಿವ್ನಿ ಅಂತ ಹಾಕ್ಬುಡಿ. ಸಂತೇಲಿ ಜನ ಇನ್ನೂ ನನ್ ನೋಡಿ ಬೆಚ್ಚಿಬೀಳ್ತಾರೆ.' 'ಹಾಕ್ತೀನಿ,' ಎಂದ ನಟರಾಜು. ಹಾಗೆ ಹಾಕಬೇಕಾದರೆ ಭವ್ಯಶ್ರೀಗೆ ಎಲ್ಲವನ್ನೂ ಹೇಳಬೇಕಾಗುತ್ತದೆ ಎಂಬುದು ಹೊಳೆದದ್ದು ಹಾಸನದ ಬಸ್ಸಿನಲ್ಲಿ ಕೂತ ಮೇಲೆ.

ಗುರುವಾರ ದೇವರಾಜ್ ಬಂದರು. ಬಿಳಿ ಪಂಚೆ, ಎರಡು ಫೋನು, ನಗುವಾಗ ಮೇಜು ತಟ್ಟುವ ಅಭ್ಯಾಸ. ಭವ್ಯಶ್ರೀ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದಳು. ಮೊದಲ ವರ್ಷ ಇಷ್ಟು ನೋಡುಗರು, ಮೂರನೇ ವರ್ಷ ಅಷ್ಟು, ಮೇಲಕ್ಕೇರುವ ಹಸಿರು ಗೆರೆ. ಆಮೇಲೆ ನಟರಾಜುವಿನ ಹಾಳೆ ಬಂತು. 'ನಂಬಿಕೆ ಅಂತ ಬರ್ದಿದೀರಿ ನಟರಾಜು. ಚೆನ್ನಾಗಿದೆ. ಅಂದ್ರೆ ಏನ್ ಮಾಡ್ತೀರಿ?' ಎಂದು ದೇವರಾಜ್ ಕೇಳಿದರು. ಹೇಳಬೇಕಾದದ್ದನ್ನು ನಟರಾಜು ರಾತ್ರಿಯೆಲ್ಲ ಕಂಠಪಾಠ ಮಾಡಿದ್ದ. ಬಾಯಿ ತೆರೆದರೆ ಬಂದದ್ದು ಮರಿಯಣ್ಣ. ಅಳುವ ಫೋನು, ಡೇರಿಯ ಫೋಟೊ, ಕೈಮುಗಿದ ಇನ್ನೂರ ಹನ್ನೆರಡು ಜನ, ಬಾಗಿಲಿಗೆ ತಲೆ ಚಚ್ಚಿಕೊಂಡ ತಮ್ಮ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಭವ್ಯಶ್ರೀಯ ಮುಖ ಬಿಳಿಚಿಕೊಂಡಿತು. ಇನ್ನು ಕೆಲಸ ಹೋಯಿತು ಎಂದುಕೊಂಡಾಗ ನಟರಾಜುವಿಗೆ ಭಯಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು, ಯಾರೋ ಕೊನೆಗೂ ಬೈಯುತ್ತಾರೆ ಎಂಬ ಸಮಾಧಾನ. ದೇವರಾಜ್ ಮೇಜು ತಟ್ಟಿದರು. 'ಇದು ಕಣ್ರಿ! ಇದನ್ನೇ ನಾನು ಹುಡುಕ್ತಿದ್ದದ್ದು. ತಪ್ಪು ಮಾಡ್ದೆ ಅಂತ ಒಪ್ಕೊಳ್ಳೋ ನ್ಯೂಸ್ ಯಾವುದೈತೆ ಹೇಳಿ? ಆ ಮರಿಯಣ್ಣನ್ನ ಕರ್ಕೊಂಡ್ ಬನ್ನಿ, ಕೂರ್ಸಿ, ಮಾತಾಡ್ಸಿ. ಐದು ವರ್ಷ ಇದೇ ನಿಮ್ ಗುರುತು ಆಗ್ಲಿ.' ಭವ್ಯಶ್ರೀಗೆ ಬಣ್ಣ ತಿರುಗಿ ಬಂತು. ಎದ್ದು ಹೋಗಿ ಬೋರ್ಡಿನ ಪ್ರಶ್ನೆಯ ಕೆಳಗೆ 'ತಪ್ಪಿದ್ರೆ ತಿದ್ಕೋತೀವಿ' ಎಂದು ಬರೆದಳು. ದೇವರಾಜ್ ಹೋಗುವಾಗ ನಟರಾಜುವಿನ ಕೈ ಹಿಡಿದು ಕುಲುಕಿದರು. ಅವನು ಆ ಕೈಯನ್ನು ಬಹಳ ಹೊತ್ತು ಜೇಬಿಗೆ ಹಾಕಿಕೊಳ್ಳದೆ, ಯಾರದೋ ವಸ್ತುವನ್ನು ಹಿಡಿದುಕೊಂಡವನಂತೆ ಮುಂದೆ ಚಾಚಿಕೊಂಡೇ ಕೂತಿದ್ದ. ತಾನು ತಪ್ಪು ಒಪ್ಪಿಕೊಂಡೆನೋ, ಮಾರಿದೆನೋ? 'ನಂಗೆ ಮುಂಚೇನೇ ಹೇಳ್ಬೇಕಿತ್ತು ಸರ್,' ಎಂದಳು ಭವ್ಯಶ್ರೀ ಆಮೇಲೆ, ಮೆತ್ತಗೆ. ಅಷ್ಟೇ ಅವನಿಗೆ ಸಿಕ್ಕ ಬೈಗುಳ.

ಶನಿವಾರ ಮರಿಯಣ್ಣ ಡೇರಿ ಸಮಾರಂಭದ ಅದೇ ಶಾಲು ಹೊದ್ದು ಬಂದರು. ಮುಖ ಹೊಳೆಯುತ್ತದೆಂದು ರವೀಶ ಪೌಡರ್ ಬಳಿದ. 'ನಾನು ಹುಣಸೆಕೊಪ್ಪಲಿನ ಮರಿಯಣ್ಣ. ನಾನು ಬದುಕಿದ್ದೇನೆ,' ಎಂದು ಹೇಳಬೇಕಿತ್ತು. ಮೊದಲ ಸಲ ಹೇಳಿದಾಗ ಕೆಳಗಿನ ರಸ್ತೆಯಲ್ಲಿ ಲಾರಿ ಹಾರ್ನ್ ಮಾಡಿತು. ಎರಡನೇ ಸಲ, ಸ್ವಲ್ಪ ನಗ್ತಾ ಹೇಳಿ ಎಂದು ಭವ್ಯಶ್ರೀ ಕೇಳಿಕೊಂಡಳು. ನಿಜವಾಗಿ ಬದುಕಿರುವ ಮನುಷ್ಯ ತಾನು ಬದುಕಿದ್ದೇನೆಂದು ಮೂರನೇ ಸಲ ಹೇಳಲು ತಯಾರಾಗುವುದನ್ನು ನಟರಾಜು ಬಾಗಿಲ ಹತ್ತಿರ ನಿಂತು ನೋಡಿದ. ಮೂರನೇ ಸಲ ಮರಿಯಣ್ಣ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದರು. ರವೀಶ ಕ್ಯಾಮೆರಾ ನಿಲ್ಲಿಸುವ ಮುಂಚೆ ಅದರ ಗಾಜಿನ ಕಡೆಗೆ ಬಗ್ಗಿ, 'ಬಸವೇಶ, ನಾನು ಸತ್ತಿಲ್ಲ ಕಣ್ಲಾ. ಆದ್ರೂ ಬಾ,' ಎಂದರು. 'ಇದನ್ನ ತೆಗೆದುಬಿಡೋಣ ಮೇಡಂ,' ಎಂದ ನಟರಾಜು. ತನ್ನ ದನಿ ಜೋರಾದದ್ದು ಅವನಿಗೇ ವಿಚಿತ್ರವೆನಿಸಿತು. 'ಅವರನ್ನೇ ಕೇಳಿ ಸರ್,' ಎಂದಳು ಭವ್ಯಶ್ರೀ. ಅವಳ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. ಮರಿಯಣ್ಣ ಪೌಡರ್ ಒರೆಸಿಕೊಳ್ಳುತ್ತ, 'ಇರ್ಲಿ ಬುಡಿ ಸಾ. ಗ್ವಾಡೆ ಈಚೆಯಿಂದ ಎಷ್ಟ್ ಸಲ ಕರೆಯಾಕ್ ಓಗಿ ಬಾಯ್ ಮುಚ್ಕೊಂಡಿವ್ನಿ. ಹಿಂಗಾದ್ರೂ ಕೇಳ್ಲಿ,' ಎಂದರು.

ನಾಲ್ಕು ದಿನದಲ್ಲಿ ಎರಡು ಲಕ್ಷ ಜನ ನೋಡಿದರು. ನಾಕೂರು ನ್ಯೂಸ್ ಕೇಳಿರದ ಊರುಗಳಿಂದಲೂ ಜನ 'ಹೋಗಪ್ಪ ಬಸವೇಶ' ಎಂದು ಬರೆದರು. ಕೆಲವರು ಬಸವೇಶನನ್ನು ಬೈದರು, ಅವನ ಜಾತಕವೆಲ್ಲ ಬಲ್ಲವರ ಹಾಗೆ. ಹೋಟೆಲಿನಲ್ಲಿ ಪಕ್ಕದ ಮೇಜಿನವರು ಅದನ್ನೇ ನೋಡುತ್ತಿದ್ದಾಗ ನಟರಾಜು ದೋಸೆ ಅರ್ಧಕ್ಕೇ ಬಿಟ್ಟು ಎದ್ದ. ಮರಿಯಣ್ಣನಿಗೆ ಫೋನು ಮಾಡಿ, ತಮ್ಮ ಬಂದರೇ ಎಂದು ಕೇಳಿದ. 'ಊರೋರೆಲ್ಲ ಬಂದ್ರು ಸಾ. ಅವ್ನ್ ಬರ್ನಿಲ್ಲ. ಬಾಗಿಲು ಹಾಕ್ಕೊಂಡವ್ನೆ.' ಮರುದಿನ ಆಫೀಸಿಗೆ ಒಂದು ಫೋನು ಬಂತು. ಎತ್ತಿದವನು ನಟರಾಜು. 'ನಾನು ಬಸವೇಶ. ಮರಿಯಣ್ಣನ ತಮ್ಮ,' ಎಂಬ ಒರಟು ದನಿ ಕೇಳಿತು. 'ಊರಲ್ಲಿ ತಲೆ ಎತ್ತದಂಗೆ ಮಾಡ್ಬುಟ್ರಿ. ನಾನ್ ಈಗ ಅವ್ನ ಮನೇಗ್ ಓದ್ರೆ, ಮೊಬೈಲ್ ನೋಡಿ ಬಂದ ಅಂತಾರೆ. ಓಗ್ದಿದ್ರೆ, ಕರೆದ್ರೂ ಬರ್ನಿಲ್ಲ ಅಂತಾರೆ. ಏನ್ ಮಾಡ್ಲಿ ಹೇಳಿ?' ನಟರಾಜು ಯಾರಿಗೂ ಕೇಳದಂತೆ ಫೋನನ್ನು ಕಿವಿಗೆ ಒತ್ತಿಕೊಂಡ. 'ಒಂದ್ ಕೆಲ್ಸ ಮಾಡಿ ಸಾ,' ಎಂದ ಬಸವೇಶ, ಅಣ್ಣನ ಬಾಯಲ್ಲಿ ಬಂದಿದ್ದ ಅದೇ ಮಾತು. 'ನಾನೂ ಸತ್ತೋದೆ ಅಂತ ಹಾಕ್ಬುಡಿ. ಅವ್ನು ಬತ್ತಾನಾ ನೋಡಾನ.' ಅದು ತಮಾಷೆಯೇ ಎಂದು ನಟರಾಜು ಕಾದ. ಆಚೆ ಕಡೆ ನಗು ಬರಲಿಲ್ಲ, ಫೋನು ಇಟ್ಟ ಸದ್ದು ಬಂತು.

ನಟರಾಜು ಯಾರಿಗೂ ಹೇಳದೆ ಇಳಿದು ಅರಕಲಗೂಡಿನ ಬಸ್ಸು ಹತ್ತಿದ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ. ಜೋಡಿಸಿದ್ದೆಲ್ಲ ಕಾರ್ಯಕ್ರಮದ ನಿರೂಪಣೆಯ ಹಾಗೆ ಕೇಳಿಸಿತು. ಹುಣಸೆಕೊಪ್ಪಲಿನಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು. ಬೀದಿಯಲ್ಲಿ ಯಾರೂ ಇರಲಿಲ್ಲ. ಮರಿಯಣ್ಣನ ಜಗಲಿ ದಾಟಿ ಪಕ್ಕದ ಮನೆಯ ಮುಂದೆ ನಿಂತು ಬಾಗಿಲು ತಟ್ಟಿದ. ಒಳಗೆ ಪಾತ್ರೆಯ ಸದ್ದಾಯಿತು, ಬಾಗಿಲು ತೆರೆಯಲಿಲ್ಲ. ಮತ್ತೆ ತಟ್ಟಿದ. ಅಷ್ಟರಲ್ಲಿ ಮರಿಯಣ್ಣ ತಮ್ಮ ಮನೆಯಿಂದ ಹೊರಗೆ ಬಂದರು. ಹಾಕಲು ಕೈಯಲ್ಲಿ ಹಿಡಿದಿದ್ದ ಅಂಗಿ ಕೈಯಲ್ಲೇ ಇತ್ತು. ತಮ್ಮನ ಬಾಗಿಲ ಮುಂದೆ ಸಾವಿನ ಸುದ್ದಿ ಹಾಕುವ ಮನುಷ್ಯ ನಿಂತಿರುವುದನ್ನು ಕಂಡು ಅವರ ಮುಖದ ರಕ್ತ ಇಳಿಯಿತು. 'ಯಾಕ್ ಸಾ? ಅಲ್ಲಿಗ್ ಯಾಕ್ ಬಂದ್ರಿ? ಏನಾಯ್ತು ಅವ್ನಿಗೆ?' ಏನೂ ಆಗಿಲ್ಲ ಎನ್ನಲು ಎರಡು ಪದ ಸಾಕಿತ್ತು. ನಟರಾಜುವಿನ ನಾಲಿಗೆಯ ಮೇಲೆ ಅವು ಇದ್ದವು. ಅವನು ಅವುಗಳನ್ನು ಹೇಳಲಿಲ್ಲ. ಹೇಳಲಾಗಲಿಲ್ಲವೋ, ಬೇಕೆಂದೇ ಹೇಳದೆ ಹೋದನೋ, ಇಂದಿಗೂ ಅವನಿಗೆ ಗೊತ್ತಿಲ್ಲ. ಮರಿಯಣ್ಣನ ಕೈಯಿಂದ ಅಂಗಿ ಬಿತ್ತು. 'ಬಸವಾ,' ಎಂದು ಕೂಗುತ್ತ ಬಂದು ಬಾಗಿಲಿಗೆ ಭುಜ ಕೊಟ್ಟರು. ಅಗುಳಿ ಹಾಕಿರಲೇ ಇಲ್ಲ. ಬಾಗಿಲು ದಡಾರೆಂದು ತೆರೆದು, ಆ ದೊಡ್ಡ ಆಳು ಹೊಸ್ತಿಲ ಆಚೆಗೆ ಮುಗ್ಗರಿಸಿದರು.

ಒಳಗೆ ಬಸವೇಶ ಗೋಡೆಗೆ ಬೆನ್ನು ಕೊಟ್ಟು ಮುದ್ದೆ ಉಣ್ಣುತ್ತಿದ್ದ. ತುತ್ತು ಹಿಡಿದ ಕೈ ನಡುವೆಯೇ ನಿಂತಿತು. ಮರಿಯಣ್ಣ ನೆಲಕ್ಕೆ ಕೈ ಊರಿಕೊಂಡು, ಏದುಸಿರು ಬಿಡುತ್ತ ಅವನನ್ನು ನೋಡಿದರು. ಈಗ ಇವರು ಮುಖ ಒರೆಸಿಕೊಂಡು ತಿರುಗಿ ಹೋಗುತ್ತಾರೆ, ಎಂದುಕೊಂಡ ನಟರಾಜು. ಮರಿಯಣ್ಣ ಏಳಲಿಲ್ಲ. ಎದ್ದು ಹೋಗಬೇಕೆಂಬುದೇ ಮರೆತವರ ಹಾಗೆ, ಬರಿಮೈಯಲ್ಲಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬಸವೇಶ ಅಣ್ಣನನ್ನು ನೋಡಿದ, ಬಾಗಿಲಾಚೆ ನಿಂತ ನಟರಾಜುವನ್ನು ನೋಡಿದ, ಮತ್ತೆ ಅಣ್ಣನನ್ನು ನೋಡಿದ. ತುತ್ತನ್ನು ಬಾಯಿಗೆ ಹಾಕಿಕೊಂಡು ನುಂಗಿದ. ಆಮೇಲೆ ಒಳಗಿದ್ದ ಹೆಂಡತಿಯ ಕಡೆಗೆ ತಿರುಗಿ, ಒರಟಾಗಿ, 'ಇನ್ನೊಂದ್ ತಟ್ಟೆ ಮಡಗಮ್ಮಿ,' ಎಂದ. ಎದ್ದು ಬಂದು, ಎಡಗೈಯಿಂದಲೇ ಬಾಗಿಲನ್ನು ನಿಧಾನವಾಗಿ ನಟರಾಜುವಿನ ಮುಖದ ಮುಂದೆ ಮುಚ್ಚಿದ.

ಬೀದಿಯ ತುದಿಯ ಹುಣಸೆ ಮರದ ಕೆಳಗೆ ಆಟೋ ಕಾಯುತ್ತ ನಿಂತಿದ್ದಾಗ ಭವ್ಯಶ್ರೀಯ ಫೋನು ಬಂತು. 'ಎಲ್ಲಿದೀರಿ ಸರ್? ದೇವರಾಜ್ ಸರ್ ಕೇಳ್ತಿದಾರೆ, ಬಸವೇಶ ಬಂದ್ರಾ ಅಂತ. ಬಂದಿದ್ರೆ ರವೀಶನ್ನ ಕಳಿಸ್ತೀನಿ, ಇವತ್ತೇ ಎರಡನೇ ಭಾಗ ಮಾಡ್ಬಿಡೋಣ. ಜನ ಕಾಯ್ತಿದಾರೆ.' ನಟರಾಜು ಕೆರೆ ಬೀದಿಯ ಕಡೆಗೆ ನೋಡಿದ. ಬೀದಿಯಲ್ಲಿ ಬಿದ್ದಿದ್ದ ಅಂಗಿಯನ್ನು ಪುಟ್ಟಲಕ್ಷ್ಮಮ್ಮ ಎತ್ತಿಕೊಂಡು, ಧೂಳು ಕೊಡವಿ, ಮುಚ್ಚಿದ ಬಾಗಿಲ ಮುಂದೆ ಒಂದು ಕ್ಷಣ ನಿಂತು, ತಟ್ಟದೆ, ಅಲ್ಲೇ ಜಗಲಿಯ ಮೇಲೆ ಮಡಿಸಿಟ್ಟು ಹೋದಳು.

'ಏನೂ ಇಲ್ಲ ಮೇಡಂ,' ಎಂದ. 'ಇಬ್ಬರೂ ಚೆನ್ನಾಗಿದಾರೆ, ಊಟ ಮಾಡ್ತಿದಾರೆ. ಸುದ್ದಿ ಆಗೋವಂಥದ್ದು ಏನೂ ನಡೆದಿಲ್ಲ.'